ಕಾಫಿ ಹೊಟ್ಟಿನ ಬಿಸಿ

ಬಾತು ಕೇಳಲು ಹೋಗುವುದಕ್ಕೆ ಇಸ್ತ್ರಿ ಮಾಡಿದ ಶರ್ಟು ಬೇಕೇ ಎಂದು ಧರ್ಮೇಶ ಕನ್ನಡಿಯ ಮುಂದೆ ನಿಂತು ಯೋಚಿಸಿದ. ಬೇಡ ಅನ್ನಿಸಿ ಬಿಚ್ಚಿದ. ದಿನವೂ ಕೆಲಸಕ್ಕೆ ಹಾಕುವ, ಜೇಬಿನ ಅಂಚಿನಲ್ಲಿ ಪೆನ್ನಿನ ಮಸಿ ಸೋರಿದ ಶರ್ಟು ತೊಟ್ಟ. ಅದೂ ಸರಿಬರಲಿಲ್ಲ, ಬೇಕೆಂದೇ ಹಳೆಯದನ್ನು ಹುಡುಕಿ ಹಾಕಿಕೊಂಡವನಂತೆ ಕಾಣುತ್ತಿದ್ದ. ನಲವತ್ತಮೂರು ವರ್ಷದ ಗಂಡಸು, ಜನವರಿಯ ಮೊದಲ ಭಾನುವಾರ ಬೆಳಿಗ್ಗೆ, ಎರಡು ಶರ್ಟುಗಳ ನಡುವೆ ಸಿಕ್ಕಿಕೊಂಡು ನಿಂತಿರುವುದನ್ನು ಯಾರಾದರೂ ನೋಡಿದರೆ ಏನಂದಾರು ಎಂದು ಕಿಟಕಿಯ ಕಡೆ ತಿರುಗಿದ. ನೋಡುವವರು ಯಾರೂ ಇರಲಿಲ್ಲ. ಮಂಜು ಕಾವೇರಿಯ ಕಡೆಯಿಂದ ಎದ್ದು, ಜೋಳ ಕಟಾವಾದ ಹೊಲ ದಾಟಿ, ಅಂಗಳದವರೆಗೂ ಬಂದಿತ್ತು. ಅಂಗಳದಲ್ಲಿ ನಿಲ್ಲಿಸಿದ್ದ ಬೈಕಿನ ಪಕ್ಕ ಗಂಡು ಹೆಬ್ಬಾತು ಒಂಟಿಯಾಗಿ ನಿಂತಿತ್ತು. ಸೈಲೆನ್ಸರಿನ ಹೊಳಪಿನಲ್ಲಿ ಅದರ ಬಿಳಿ ಮೈ ಉದ್ದುದ್ದಕ್ಕೆ ಎಳೆದಂತೆ ಕಾಣುತ್ತಿತ್ತು, ಅದು ಅದನ್ನೇ ನೋಡುತ್ತಿತ್ತು. ಬುಧವಾರ ಜೊತೆಯ ಹೆಣ್ಣು ಸತ್ತಾಗಿನಿಂದ ಹೀಗೆ. ಅವನು ಬೈಕು ತೆಗೆದುಕೊಂಡು ಹೋದ ಮೇಲೂ ಬೈಕು ನಿಂತಿದ್ದ ಜಾಗದಲ್ಲೇ ಸಂಜೆಯವರೆಗೂ ನಿಂತಿರುತ್ತದೆ, ಹಾಕಿದ ಭತ್ತ ಮುಟ್ಟುವುದಿಲ್ಲ, ಗಂಟಲು ಕಿತ್ತು ಬರುವ ಹಾಗೆ ಕೂಗುತ್ತದೆ ಎಂದು ಅಮ್ಮ ಹೇಳಿದ್ದಳು.

ಮೂವತ್ತು ದಾಟಿದ ಮೇಲೆ ಹತ್ತು ವರ್ಷ ಅವನು ಇದೇ ಕನ್ನಡಿಯ ಮುಂದೆ ನಿಂತು ಹೆಣ್ಣು ನೋಡಲು ಹೊರಟಿದ್ದ. ಪಿರಿಯಾಪಟ್ಟಣ, ಕೊಣನೂರು, ಅರಕಲಗೂಡು. ಎಲ್ಲಿ ಹೋದರೂ ಅದೇ ಉಪ್ಪಿಟ್ಟು, ಅದೇ ಬಾಳೆಹಣ್ಣು, ಅದೇ ಪ್ಲಾಸ್ಟಿಕ್ ಕುರ್ಚಿ. ಮೊದಮೊದಲು ಅವನ ಕಡೆಯವರು ಆಮೇಲೆ ತಿಳಿಸುತ್ತೇವೆ ಅನ್ನುತ್ತಿದ್ದರು. ಕೊನೆಕೊನೆಗೆ ಹೆಣ್ಣಿನ ಕಡೆಯವರೇ ಅನ್ನತೊಡಗಿದರು. ಬೇಸಾಯವೂ ಇದೆ, ಕಾಫಿ ಕ್ಯೂರಿಂಗ್ ಫ್ಯಾಕ್ಟರಿಯಲ್ಲಿ ರೈಟರ್ ಕೆಲಸವೂ ಇದೆ ಎಂದು ಅಮ್ಮ ಹೇಳುವಾಗ, ಎದುರಿನವರು ಎರಡನ್ನೂ ಅರ್ಧರ್ಧ ಎಂದುಕೊಳ್ಳುತ್ತಿದ್ದದ್ದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ನಲವತ್ತಾದ ಮೇಲೆ ದಲ್ಲಾಳಿಯೂ ಬರುವುದು ಬಿಟ್ಟ. ಅದರಿಂದ ತನಗೆ ದುಃಖವಾಯಿತೋ ನಿರಾಳವಾಯಿತೋ ಎಂದು ಧರ್ಮೇಶ ಸರಿಯಾಗಿ ನೋಡಿಕೊಳ್ಳಲಿಲ್ಲ. ಶುಕ್ರವಾರ ಫ್ಯಾಕ್ಟರಿಯ ವಾಚ್‌ಮನ್ ಕುಶಾಲಪ್ಪ, ತೊರೆನೂರಿನ ಪಶುಸಖಿಯ ಮನೆಯಲ್ಲಿ ಮೂರು ಹೆಣ್ಣು ಬಾತುಗಳಿವೆ, ಗಂಡನ್ನು ದೀಪಾವಳಿ ಹೊತ್ತಿಗೆ ಬೀದಿನಾಯಿಗಳು ಹಿಡಿದವಂತೆ, ಒಂದನ್ನು ಕೇಳಿ ನೋಡಿ ರೈಟರೇ ಎಂದು ನಂಬರು ಕೊಟ್ಟ. ಕೊಟ್ಟು ಸುಮ್ಮನಿರದೆ, ನಿಮಗಂತೂ ಆಗಲಿಲ್ಲ, ಅದಕ್ಕಾದರೂ ಆಗಲಿ ಎಂದು ಲಾರಿ ಡ್ರೈವರುಗಳ ಎದುರಿಗೇ ಅಂದ. ಎಲ್ಲರ ಜೊತೆ ಧರ್ಮೇಶನೂ ನಕ್ಕ. ಪಶುಸಖಿ ಅಂದರೆ ಊರೂರು ತಿರುಗಿ ಕುರಿ ಕೋಳಿಗೆ ಲಸಿಕೆ ಹಾಕುವ ಹೆಂಗಸು, ಯಾರಾದರೇನು ಎಂದುಕೊಂಡು ಫೋನು ಮಾಡಿದ. ಆ ಕಡೆಯಿಂದ ಹೇಳಿ ಅಣ್ಣ ಎಂಬ ದನಿ ಬಂತು. ಯಾರು ಮಾತಾಡುವುದು ಎಂದು ಕೇಳಿದರೆ ದಿವ್ಯಶ್ರೀ, ಸಣ್ಣಸ್ವಾಮಿಯವರ ಮಗಳು ಅಂದಳು. ಅವನು ಹೆಸರು, ಊರು ಹೇಳಿದ ಮೇಲೆ ಭಾನುವಾರ ಬನ್ನಿ ಅಂದಳು. ಅಣ್ಣ ಎಂಬುದು ಎರಡನೆಯ ಸಲ ಬರಲಿಲ್ಲ. ಬರಲಿಲ್ಲವಲ್ಲ ಎಂಬುದನ್ನು ಅವನು ಎರಡು ದಿನ ಮನಸ್ಸಿನಲ್ಲೇ ಹೊರಳಿಸಿ ನೋಡಿದ್ದ.

ಅಡುಗೆಮನೆಯ ಬಾಗಿಲಿಂದ ಅಮ್ಮ ಇಣುಕಿ ಮಂಚದ ಮೇಲೆ ಬಿದ್ದಿದ್ದ ಶರ್ಟನ್ನೂ ಮೈಮೇಲಿದ್ದ ಶರ್ಟನ್ನೂ ನೋಡಿದಳು. "ಶೂನ್ಯಮಾಸದಲ್ಲಿ ಯಾರೂ ಹೆಣ್ಣು ನೋಡಕ್ಕೆ ಹೋಗಲ್ಲ ಕಣಪ್ಪ," ಅಂದಳು. ಅಮ್ಮ ನಗಿಸಲು ಆಡಿದ ಮಾತು ಯಾವುದು, ಚುಚ್ಚಲು ಆಡಿದ್ದು ಯಾವುದು ಎಂದು ಅವಳ ಮುಖ ನೋಡಿ ಹೇಳುವುದು ಊರಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಯಾರ ಮನೆಗೆ ಹೋಗುತ್ತಿದ್ದೇನೆಂದು ಅವನು ಅವಳಿಗೆ ಹೇಳಿರಲಿಲ್ಲ.

ಆ ಜೋಡಿಯನ್ನು ಎರಡು ವರ್ಷದ ಹಿಂದೆ ಕುಶಾಲನಗರದ ಸಂತೆಯಿಂದ ತಂದದ್ದು ಶುಂಠಿಯ ಕಾವಲಿಗೆ. ಹಾವು ಹತ್ತಿರ ಸುಳಿಯುವುದಿಲ್ಲ, ಕಳ್ಳ ಬಂದರೆ ಊರೆಬ್ಬಿಸುತ್ತವೆ ಎಂದು ಮಾರಿದವನು ಹೇಳಿದ್ದ. ಕಳ್ಳ ಬರಲಿಲ್ಲ. ಅವು ಕಾದದ್ದು ಧರ್ಮೇಶನನ್ನೇ. ಸಂಜೆ ಅವನ ಬೈಕು ಕಾಲುವೆ ಏರಿಗೆ ತಿರುಗುವ ಮೊದಲೇ ಎರಡೂ ಕತ್ತು ಚಾಚಿಕೊಂಡು ಗೇಟಿನ ಹತ್ತಿರ ಬರುತ್ತಿದ್ದವು, ಅವನು ಕಾಲು ತೊಳೆಯುವಾಗ ಚಪ್ಪಲಿಯ ಪಟ್ಟಿ ಹಿಡಿದು ಎಳೆಯುತ್ತಿದ್ದವು. ತಾನು ಬರುವುದನ್ನು ಯಾರಾದರೂ ಹೀಗೆ ಕಾದದ್ದು ಅವನಿಗೆ ನೆನಪಿರಲಿಲ್ಲ. ಅವಕ್ಕೆ ಮನೆ ಕಟ್ಟಿದ: ಸಿಮೆಂಟ್ ಇಟ್ಟಿಗೆ, ಶೀಟಿನ ಮಾಡು, ಕಬ್ಬಿಣದ ಬಾಗಿಲು, ಮೇಲೆ ಗಾಳಿಗೆಂದು ನಾಲ್ಕು ಕಿಂಡಿ. ಹೊರಗೆ ನೀಲಿ ಬಣ್ಣವನ್ನೂ ಹೊಡೆದ. ನಿನ್ನ ರೂಮಿಗಿಂತ ಚೆನ್ನಾಗಿದೆ ಬಿಡು ಎಂದು ನೋಡಿದವರು ಅಂದಾಗ ಒಳಗೊಳಗೇ ಹಿಗ್ಗಿದ. ಈ ಡಿಸೆಂಬರಿನಲ್ಲಿ ಚಳಿ ಜಾಸ್ತಿಯಾಯಿತು. ಹಾಸಿಗೆಯಲ್ಲಿ ಮುದುಡಿ ಮಲಗಿದಾಗ ಬಾತುಗಳ ನೆನಪಾಗಿ ಎದೆ ಚುರುಕ್ಕೆನ್ನುತ್ತಿತ್ತು. ಫ್ಯಾಕ್ಟರಿಯ ಹಿಂದೆ ಕಾಫಿ ಹೊಟ್ಟಿನ ರಾಶಿ ಬೀಳುತ್ತದೆ, ಇಬ್ಬನಿಯಲ್ಲಿ ನೆನೆಯುತ್ತಾ ಅಲ್ಲೇ ಇರುತ್ತದೆ. ಚಳಿಗಾಲದ ಬೆಳಿಗ್ಗೆ ಲೋಡಿಂಗಿನವರು ಬರಿಗಾಲಲ್ಲಿ ಅದರೊಳಕ್ಕೆ ಮೊಣಕಾಲುದ್ದ ಇಳಿದು ನಿಂತು ಟೀ ಕುಡಿಯುತ್ತಾರೆ. ಕೈ ಹಾಕಿದರೆ ಒಳಗೆ ಬೆಚ್ಚಗೆ, ಈಗ ತಾನೆ ಯಾರೋ ಎದ್ದುಹೋದ ಹಾಸಿಗೆಯ ಹಾಗೆ. ಹೊಟ್ಟಿಗೆ ಇಂಥದೊಂದು ಗುಣವಿದೆ ಎಂದು ಅಲ್ಲಿ ಕೆಲಸ ಮಾಡುವ ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ. ಆರು ಮೂಟೆ ತಂದು, ಐದನ್ನು ಬಾತಿನ ಮನೆಯೊಳಗೆ ಮೊಳದೆತ್ತರಕ್ಕೆ ಸುರಿದ, ನಾಲ್ಕೂ ಕಿಂಡಿಗೆ ಗೋಣಿಚೀಲ ತುರುಕಿದ. ಆ ಸಂಜೆ ಬಾಗಿಲು ಹಾಕುವಾಗ ಅವನಿಗೆ ತಾನು ಒಳ್ಳೆಯವನು ಅನ್ನಿಸಿತ್ತು.

ಹತ್ತು ಹನ್ನೆರಡು ದಿನಕ್ಕೆ ಹೆಣ್ಣು ಕತ್ತು ನೀಳ ಚಾಚಿ, ಕೊಕ್ಕು ತೆರೆದು ಉಸಿರೆಳೆಯತೊಡಗಿತು. ಚಳಿ ಹಿಡಿದಿದೆಯೆಂದು ಇನ್ನೊಂದು ಚೀಲ ಬಿಗಿಯಾಗಿ ತುರುಕಿದ. ಬುಧವಾರ ಬೆಳಿಗ್ಗೆ ಅದು ಗೋಡೆಯ ಮೂಲೆಗೆ ಕೊಕ್ಕು ಚುಚ್ಚಿಕೊಂಡು ಸತ್ತಿತ್ತು. ಎತ್ತಲು ಹೋದಾಗ ಹೊಟ್ಟು ಹೆಂಟೆಯಾಗಿ ಎದ್ದು ಬಂತು. ಅಡಿಯಲ್ಲಿ ಬೂದು ಹಸಿರು ಬೂಷ್ಟು ದಪ್ಪನೆ ಹಾಸಿಕೊಂಡಿತ್ತು, ಅದರ ಪುಡಿ ಮೂಗಿಗೆ ಹೊಕ್ಕು ಅವನು ಕೆಮ್ಮಿದ. ಕೆಮ್ಮುತ್ತಾ ನಿಂತವನಿಗೆ ಏನು ನಡೆದಿದೆ ಎಂಬುದು ಹೊಳೆದಿರಲಿಲ್ಲ ಎಂದು ಹೇಳುವಂತಿಲ್ಲ. ಅವನು ಮಾಡಿದ್ದಿಷ್ಟೇ: ಉಳಿದಿದ್ದ ಒಂದು ಮೂಟೆ ಹೊಟ್ಟನ್ನು ಅದರ ಮೇಲೆ ಸುರಿದ. ಸತ್ತದ್ದನ್ನು ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿದ. ಚಳಿಗೆ ಸತ್ತಿತು ಎಂದು ಅಮ್ಮನಿಗೆ ಹೇಳಿದ. ಚಳಿಗೆ ಸತ್ತಿತು ಅಂದರೆ ನೋಡಿಕೊಳ್ಳಲು ಬರದವನು ಅಂದುಕೊಂಡಾರೆಂದು ಫ್ಯಾಕ್ಟರಿಯಲ್ಲಿ ನರಿ ಹಿಡಿಯಿತು ಅಂದ. ಅಂದಿನಿಂದ ಗಂಡು ಆ ಮನೆಯೊಳಗೆ ಕಾಲಿಡಲು ಒಪ್ಪುವುದಿಲ್ಲ. ದಿನಾ ಸಂಜೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ತಳ್ಳಿ ಬಾಗಿಲು ಹಾಕುತ್ತಾನೆ. ತಳ್ಳದಿದ್ದರೆ ತನಗೆ ಗೊತ್ತಿದೆ ಎಂದಾಗುತ್ತದೆ.

ತೊರೆನೂರಿನಲ್ಲಿ ಮನೆ ಹುಡುಕಬೇಕಾಗಲಿಲ್ಲ. ಜಗಲಿಯ ಮೇಲೆ ಮಂಕಿಟೋಪಿ ಹಾಕಿಕೊಂಡು ಸಣ್ಣಸ್ವಾಮಿ ಎಳೆಬಿಸಿಲಿಗೆ ಕೂತಿದ್ದರು. ಯಾರ ಮಗ ಎಂದು ಕೇಳಿದರು. ಹೇಳಿದ. ಓ ಎಂದು ಮತ್ತೆ ಪೇಪರಿಗೆ ತಲೆ ಹಾಕಿದರು. ಗುರುತು ಸಿಕ್ಕಿತೋ, ಸಿಕ್ಕಿಯೂ ಹಾಗೆ ಅಂದರೋ ತಿಳಿಯದೆ ಅವನು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತ. ಹತ್ತು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಕೂತಿದ್ದಾಗ ದಿವ್ಯಶ್ರೀ ಕಾಫಿಯ ತಟ್ಟೆ ಹಿಡಿದು ಬಂದಿದ್ದಳು, ಅವನಿಗೆ ಇಷ್ಟವಾಗಿದ್ದಳು. ಒಪ್ಪಿಗೆ ಎಂದು ತಿಳಿಸಿಯೂ ಆಗಿತ್ತು. ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವುದು ಪದ್ಧತಿ. ಹೆಣ್ಣೇ ಬರುವ ಪದ್ಧತಿಯಿಲ್ಲ. ಆದರೂ ದಿವ್ಯಶ್ರೀ ಅಪ್ಪನ ಜೊತೆ ಅವನ ಮನೆಯ ಮುಂದೆ ಜೀಪಿನಿಂದ ಇಳಿದಳು. ಹಜಾರ, ಕೋಣೆ, ಬಚ್ಚಲು ಎಲ್ಲ ನೋಡಿ, ದನದ ಕೊಟ್ಟಿಗೆಗೂ ಹೋಗಿ ಬಂದು, ಹಸುವಿನ ಹಗ್ಗ ಗಿಡ್ಡವಾಯಿತು, ಮಲಗಿದರೆ ಅದು ಕತ್ತು ಎತ್ತಲಾಗುವುದಿಲ್ಲ ಎಂದು ಎಲ್ಲರೆದುರಿಗೆ ಹೇಳಿದಳು. ಅವರ ಜೀಪು ಹೊರಟ ಮೇಲೆ ಸೋದರಮಾವ, ಇವತ್ತು ಹಸುವಿನ ಹಗ್ಗ ಅಳೆದಳು, ನಾಳೆ ನಿನ್ನದು ಅಳೆಯುತ್ತಾಳೆ ಕಣೋ ಅಂದ. ಕೂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಧರ್ಮೇಶನೂ ನಕ್ಕ. ನಗುತ್ತಾ ಇದ್ದ ಹಾಗೇ ಅವಳು ಕೈತಪ್ಪಿ ಹೋದಳು. ಮಾರನೆಯ ದಿನ ಮನೆಗೆ ಬಂದ ದಲ್ಲಾಳಿಗೆ, ಜಾತಕ ಕೂಡಲಿಲ್ಲ, ಅಮ್ಮ ಒಪ್ಪುತ್ತಿಲ್ಲ ಎಂದು ಹೇಳಿ ಕಳಿಸಿದ. ಅಮ್ಮ ಅದನ್ನು ಕೇಳಿಸಿಕೊಂಡಳು, ಇಲ್ಲ ಅನ್ನಲಿಲ್ಲ. ಒಳ್ಳೆಯ ಸಂಬಂಧವನ್ನು ಜಾತಕದ ನೆಪದಲ್ಲಿ ಕಳೆದವಳು ಎಂಬ ಮಾತು ನೆಂಟರಲ್ಲಿ ಅವಳ ಮೇಲೇ ಉಳಿಯಿತು. ಹಸುವಿನ ಹಗ್ಗವನ್ನು ಅವನು ಆವತ್ತೇ ಬದಲಾಯಿಸಿದ್ದ.

ದಿವ್ಯಶ್ರೀ ಚೂಡಿದಾರದ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡು ಹಿತ್ತಲಿನಿಂದ ಬಂದಳು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಮದುವೆಯಾಗಿಲ್ಲ ಎಂದು ಕುಶಾಲಪ್ಪನೇ ಹೇಳಿದ್ದ. ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು. ಅವಳ ಬಾತಿನ ಮನೆ ನೋಡಿ ಅವನಿಗೆ ಒಂದು ಬಗೆಯ ಸಮಾಧಾನವಾಯಿತು: ಬಿದಿರಿನ ಗಳ, ಮೇಲೆ ಹುಲ್ಲು, ಮೂರು ಕಡೆ ತಟ್ಟಿ, ಒಂದು ಕಡೆ ಬರೀ ಜಾಲರಿ. ನೆಲದಲ್ಲಿ ಭತ್ತದ ಹುಲ್ಲು. ಈ ಗಾಳಿಯಲ್ಲಿ ಇವು ಹೇಗೆ ಮಲಗುತ್ತವೆ ಎಂದು ಕೇಳಬೇಕೆನ್ನಿಸಿತು. ಮೂರು ಹೆಣ್ಣುಗಳೂ ಮೈಗೆ ಮೈ ತಾಗಿಸಿಕೊಂಡು, ಹುಲ್ಲಿನ ಮೇಲಿನ ಇಬ್ಬನಿ ಹೀರುತ್ತಾ, ತಮ್ಮತಮ್ಮಲ್ಲೇ ಏನೋ ಗೊಣಗುತ್ತಾ ಓಡಾಡುತ್ತಿದ್ದವು. ಅವಳು ಹಳೆಯ ವಿಷಯ ಎತ್ತುತ್ತಾಳೆ ಎಂದು ಅವನು ಮೈಯೆಲ್ಲ ಬಿಗಿಮಾಡಿಕೊಂಡಿದ್ದ. ಅವಳು ಎತ್ತಲಿಲ್ಲ. ಎತ್ತದ್ದರಿಂದ ಅವಮಾನವಾದಂತೆ ಆಯಿತು. ಸತ್ತದ್ದು ಹೇಗೆ ಎಂದು ಮಾತ್ರ ಕೇಳಿದಳು. ನರಿ ಅಂದ.

"ನರಿ ಒಳಗೆ ಹೆಂಗೆ ಬಂತು?"

ಬಾಗಿಲು ಸರಿಯಾಗಿ ಹಾಕಿರಲಿಲ್ಲವೇನೋ ಅಂದ. ಅವಳು ತಲೆಯಾಡಿಸಿದಳು. ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಮನೆ ನೋಡದೆ ಕೊಡುವುದಿಲ್ಲ, ನರಿ ಹೊಕ್ಕ ದಾರಿಯನ್ನು ಮೊದಲು ಮುಚ್ಚಬೇಕು ಅಂದಳು. ಶಿರಂಗಾಲದಲ್ಲಿ ಎರಡು ಮನೆಯ ಕೋಳಿಗೆ ಲಸಿಕೆ ಹಾಕುವುದಿದೆ, ಮುಗಿಸಿಕೊಂಡು ಹನ್ನೊಂದು ಗಂಟೆಗೆ ಬರುತ್ತೇನೆ ಅಂದಳು. ಮನೆ ಗೊತ್ತಲ್ಲವೇ ಎಂದು ಅವನು ಕೇಳಬಾರದಿತ್ತು, ಕೇಳಿಬಿಟ್ಟ. ಗೊತ್ತು ಅಂದಳು.

ಹಿಂದಿರುಗುವಾಗ ಮಂಜು ಹರಿದು ಬಿಸಿಲು ಬಂದಿತ್ತು. ಗಂಟೆ ಒಂಬತ್ತೂವರೆ. ಒಂದೂವರೆ ಗಂಟೆಯಲ್ಲಿ ಹೊಟ್ಟನ್ನೆಲ್ಲ ಬಾಚಿ ಹೊರಗೆ ಹಾಕಬಹುದು, ಚೀಲ ಕೀಳಬಹುದು, ನೆಲ ತೊಳೆದು ಭತ್ತದ ಹುಲ್ಲು ಹರಡಬಹುದು, ಬಾಗಿಲ ಚಿಲಕವನ್ನು ಕಲ್ಲಿನಲ್ಲಿ ಕುಟ್ಟಿ ಸೊಟ್ಟ ಮಾಡಿ ನರಿ ಬಂದ ದಾರಿ ಇದೇ ಎಂದು ತೋರಿಸಬಹುದು. ಬೈಕಿನ ಮೇಲೆ ಕೂತು ಇದನ್ನೆಲ್ಲ ಎಷ್ಟು ಚೊಕ್ಕವಾಗಿ ಯೋಚಿಸುತ್ತಿದ್ದೇನೆ ಎಂದು ಅವನಿಗೇ ಆಶ್ಚರ್ಯವಾಯಿತು. ಗೇಟಿನ ಬಳಿ ಬಾತು ಬರಲಿಲ್ಲ. ಅಂಗಳದಲ್ಲಿ ನಿಂತಿದ್ದದ್ದು, ಬೈಕು ನಿಂತ ಮೇಲೆ ನಿಧಾನವಾಗಿ ಬಂದು ಸೈಲೆನ್ಸರಿನ ಹತ್ತಿರ ನಿಂತಿತು. ಅದರ ಎದೆಯ ಮೂಳೆ ಪುಕ್ಕದಡಿಯಿಂದ ಎದ್ದು ಕಾಣುತ್ತಿತ್ತು. ಅವನು ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ನೀಲಿ ಮನೆಯೊಳಗೆ ಬಗ್ಗಿ ಹೋಗಿ ಮೊದಲನೆಯ ಕಿಂಡಿಯ ಚೀಲ ಕಿತ್ತ. ಬಿಸಿಲು ಕೋಲಿನಷ್ಟು ದಪ್ಪಕ್ಕೆ ಒಳಗೆ ಬಿತ್ತು, ಅದರಲ್ಲಿ ಹಸಿರು ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ನಾಲ್ಕು ರಾತ್ರಿ ಅವನು ಗಂಡನ್ನು ಇದರೊಳಗೆ ತಳ್ಳಿದ್ದ. ಎರಡನೆಯ ಚೀಲಕ್ಕೆ ಕೈ ಹಾಕಿದವನು ಅದನ್ನು ಕೀಳಲಾರದೆ ಹೋದ. ಕಿತ್ತರೆ ಅವಳು ಒಳ್ಳೆಯ ಮನೆ ನೋಡಿ ಬಾತು ಕೊಡುತ್ತಾಳೆ, ತಾನು ಜಾಣನಾಗುತ್ತೇನೆ, ಮುಂದಿನ ಚಳಿಗಾಲಕ್ಕೆ ಇನ್ನೇನು ತಂದು ಸುರಿಯುತ್ತೇನೋ ಯಾರಿಗೆ ಗೊತ್ತು. ಹೀಗೆ ಅವನು ಮಾತಿನಲ್ಲಿ ಯೋಚಿಸಲಿಲ್ಲ. ಕೈ ಸುಮ್ಮನೆ ನಿಂತುಬಿಟ್ಟಿತು. ಹೊರಗೆ ಬಂದು ಕಲ್ಲಿನ ಮೇಲೆ ಕೂತ, ಸ್ಕೂಟರಿನ ಸದ್ದು ಕೇಳುವವರೆಗೂ ಕೂತೇ ಇದ್ದ.

ಸ್ಕೂಟರಿನಿಂದ ಇಳಿದವಳನ್ನು ಅಮ್ಮ ಕೂಡಲೇ ಗುರುತಿಸಿದಳು. ಮುಖದಲ್ಲಿ ಏನೂ ತೋರಿಸಿಕೊಳ್ಳದೆ ನೀರು ತಂದುಕೊಟ್ಟಳು. ದಿವ್ಯಶ್ರೀ ಲಸಿಕೆಯ ಐಸ್ ಬಾಕ್ಸನ್ನು ನೆರಳಿಗಿಟ್ಟು, ಮೊದಲು ಗಂಡಿನ ಹತ್ತಿರ ಹೋಗಿ ಮಂಡಿಯೂರಿ ಕೂತಳು. ಅದು ಬುಸುಗುಟ್ಟಲಿಲ್ಲ. ಎದೆ ಮುಟ್ಟಿದಳು, ಕಿವಿ ಹತ್ತಿರ ತಂದು ಉಸಿರು ಕೇಳಿದಳು. ಆಮೇಲೆ ನೀಲಿ ಮನೆಯ ಬಾಗಿಲಲ್ಲಿ ಬಗ್ಗಿ, ಒಂದು ಹೆಜ್ಜೆ ಇಟ್ಟು, ವೇಲನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ಕೈಯಲ್ಲಿ ಒಂದು ಹೆಂಟೆ ಹೊಟ್ಟಿತ್ತು. ಅದನ್ನು ಮುರಿದು ನೋಡಿದಳು. ಕಿಂಡಿಯ ಚೀಲಗಳನ್ನು ನೋಡಿದಳು. ಬಾಗಿಲ ಚಿಲಕ ಎಳೆದು ನೋಡಿದಳು, ಅದು ಗಟ್ಟಿಯಾಗಿತ್ತು. ಯಾರನ್ನೂ ನೋಡದೆ, ಇದರೊಳಗೆ ನರಿ ಬರಲು ಸಾಧ್ಯವಿಲ್ಲ ಅಂದಳು.

"ಯಾವ ನರಿ?" ಅಂದಳು ಅಮ್ಮ. "ಚಳೀಗೆ ಸತ್ತೋಯ್ತು ಅಂದ್ನಲ್ಲ ಇವನು. ಹೊಂಗೆಮರದ ತಾವ ಮಣ್ಣು ಮಾಡವ್ನೆ."

ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಅಮ್ಮನೇ ಚಳಿ ಚಳಿ ಅಂದಳು, ಅದಕ್ಕೇ ಮುಚ್ಚಿದ್ದು ಎಂಬ ಮಾತು ಅವನ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಹೇಳಲು ಬಾಯಿ ತೆರೆದು ಅಮ್ಮನ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಕೊಟ್ಟಿಗೆಯ ಕಡೆ ಮುಖ ತಿರುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಏನು ಬರುತ್ತದೆಯೆಂದು ಮೊದಲೇ ಗೊತ್ತಿದ್ದವಳಂತೆ, ಬಂದದ್ದನ್ನು ಹೊತ್ತುಕೊಳ್ಳಲು ಸಿದ್ಧವಾಗಿ ನಿಂತಿದ್ದಳು. ಹತ್ತು ವರ್ಷದ ಹಿಂದೆ ದಲ್ಲಾಳಿಯ ಎದುರಿಗೂ ಹೀಗೆಯೇ ನಿಂತಿದ್ದಳು. ಧರ್ಮೇಶನಿಗೆ ಜೀವನದಲ್ಲಿ ಯಾವತ್ತೂ ಆಗದಷ್ಟು ನಾಚಿಕೆಯಾಯಿತು.

"ನಾನೇ," ಅಂದ. "ಹೊಟ್ಟು ಸುರಿದಿದ್ದು ನಾನೇ, ಕಿಂಡಿ ಮುಚ್ಚಿದ್ದೂ ನಾನೇ. ಬುಧವಾರ ಬೂಷ್ಟು ಕಣ್ಣಾರೆ ನೋಡ್ದೆ. ನೋಡಿ ಅದರ ಮೇಲೆ ಇನ್ನೊಂದು ಮೂಟೆ ಸುರಿದೆ."

ದಿವ್ಯಶ್ರೀ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಹೊಟ್ಟಿನ ಹೆಂಟೆಯನ್ನು ಕೆಳಗೆ ಹಾಕಿ, ತಂದಾಗ ಇದು ಬೆಚ್ಚಗಿತ್ತಲ್ಲವೇ ಎಂದು ಕೇಳಿದಳು. ಹೌದು ಅಂದ.

"ಕೊಳೀತಿತ್ತು, ಅದಕ್ಕೇ ಬಿಸಿ," ಅಂದಳು. "ಬಾತಿಗೆ ಚಳಿ ತಡೆಯೋದು ಮೈಮೇಲೇ ಐತೆ. ಅದು ಕೇಳೋದು ಒಣಗಿದ ನೆಲ, ಗಾಳಿ. ಪಕ್ಕದಲ್ಲಿ ಇನ್ನೊಂದು ಬಾತು."

ತನ್ನ ಬಾತನ್ನು ಇಲ್ಲಿಗೆ ಕೊಡುವುದಿಲ್ಲ ಅಂದಳು. ಇವತ್ತೇ ಎಲ್ಲ ತೆಗೆದು ತೊಳೆಯುತ್ತೇನೆ ಎಂದು ಅವನು ಗೋಗರೆದ. ತೊಳೆಯುತ್ತೀರಿ, ನನಗೆ ನಂಬಿಕೆಯಿದೆ ಎಂದಳು. ಆದರೆ ಗೋಡೆಗೆಲ್ಲ ಹತ್ತಿದೆ, ಸುಣ್ಣ ಹೊಡೆದು ತಿಂಗಳಾದರೂ ಬಿಸಿಲು ಗಾಳಿಗೆ ಬಿಡಬೇಕು, ಅಲ್ಲಿಯವರೆಗೆ ಈ ಗಂಡು ಉಳಿಯುವುದಿಲ್ಲ. ಒಳಗೆ ಉಸಿರು ಸ್ವಲ್ಪ ಕರಕರ ಅನ್ನುತ್ತಿದೆ, ಅದಕ್ಕಿಂತ ಹೆಚ್ಚಾಗಿ ಅದು ತಿನ್ನುವುದನ್ನೇ ಬಿಟ್ಟಿದೆ. ಇದನ್ನೇ ನನಗೆ ಕೊಡಿ, ಅಲ್ಲಿ ಮೂರಿವೆ, ಬದುಕಬಹುದು ಅಂದಳು. ಧರ್ಮೇಶ ಬಾತಿನ ಕಡೆ ನೋಡಿದ. ಕೊಡಲು ಅವನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ನಾಳೆ ಸಂಜೆ ಕಾಲುವೆ ಏರಿಯಿಂದ ಬೈಕು ತಿರುಗಿಸಿದಾಗ ಅಂಗಳ ಹೇಗೆ ಕಾಣುತ್ತದೆ ಎಂಬುದು ಕಣ್ಣಿಗೆ ಕಟ್ಟಿತು. ತಾನು ಜೊತೆ ಹುಡುಕಲು ಹೊರಟದ್ದು ಬಾತಿಗೋ, ಅಥವಾ ಬಾತು ತನ್ನ ಜೊತೆ ಇರಲೆಂದೋ? ಬೇಡ ಎಂದರೆ ಅವಳು ಒತ್ತಾಯ ಮಾಡುವವಳಲ್ಲ, ಐಸ್ ಬಾಕ್ಸ್ ಎತ್ತಿಕೊಂಡು ಹೊರಟುಬಿಡುತ್ತಾಳೆ.

"ತಗೊಂಡು ಹೋಗಿ," ಅಂದ.

ಸ್ಕೂಟರಿನಲ್ಲಿ ಅವಳೊಬ್ಬಳೇ ಒಯ್ಯುವಂತಿರಲಿಲ್ಲ. ಗೋಣಿಚೀಲದ ಮೂಲೆ ಕತ್ತರಿಸಿ ಅದರಿಂದ ಕತ್ತು ಹೊರಗೆ ಬರುವ ಹಾಗೆ ಬಾತನ್ನು ಚೀಲದಲ್ಲಿ ಕೂರಿಸಿದರು. ಯಾರಾದರೂ ತೊಡೆಯ ಮೇಲೆ ಇಟ್ಟುಕೊಂಡು ಹಿಡಿಯಬೇಕು. ನೀನೇ ಹಿಂದೆ ಕೂತುಕೊಂಡು ಹೋಗು ಎಂದು ಅಮ್ಮ ಹೇಳಿದಳು. ಹೀಗೆ ಧರ್ಮೇಶ ಹಾಡುಹಗಲಲ್ಲಿ, ಶೂನ್ಯಮಾಸದ ಭಾನುವಾರ, ದಿವ್ಯಶ್ರೀಯ ಸ್ಕೂಟರಿನ ಹಿಂದೆ, ತೊಡೆಯ ಮೇಲೆ ಹೆಬ್ಬಾತು ಇಟ್ಟುಕೊಂಡು ಊರಿನ ನಡುವೆ ಹಾದುಹೋದ. ಟೀ ಅಂಗಡಿಯ ಬೆಂಚಿನಿಂದ ಯಾರೋ, ಏನ್ ಧರ್ಮೇಶಣ್ಣ, ಮನೆ ಅಳಿಯನಾಗಿ ಹೊರಟಿದ್ದು ನೀನಾ ಬಾತಾ ಎಂದು ಕೇಳಿದರು. ನಗು ಎದ್ದಿತು. ಈ ಸಲ ಅವನಿಗೆ ಜೊತೆಯಲ್ಲಿ ನಗಬೇಕೆನ್ನಿಸಲಿಲ್ಲ. ಬಾತಿನ ಎದೆ ಬಡಿತ ಚೀಲದ ಮೂಲಕ ಅವನ ಅಂಗೈಗೆ ಗೊತ್ತಾಗುತ್ತಿತ್ತು. ಅದರ ಕತ್ತು ಅವನ ಎದೆ ಮತ್ತು ಅವಳ ಬೆನ್ನಿನ ನಡುವೆ ನೆಟ್ಟಗೆ ನಿಂತಿತ್ತು. ಊರು ದಾಟಿ ರಸ್ತೆಯ ಎರಡೂ ಬದಿ ಹೊಲ ಬಂದ ಮೇಲೆ, ಅವಳ ಮುಖ ಕಾಣದ್ದರಿಂದಲೇ ಇರಬೇಕು, ಅವನಿಗೆ ಬಾಯಿ ಬಂತು.

"ಜಾತಕ ಅಲ್ಲ ಆವತ್ತು," ಅಂದ. "ಅಮ್ಮನೂ ಅಲ್ಲ. ನಾನೇ ಬೇಡ ಅಂದಿದ್ದು. ಎಲ್ಲಾರೂ ನಕ್ಕರು ಅಂತ."

ಅವಳು ಗುಂಡಿ ತಪ್ಪಿಸಿ ಸ್ಕೂಟರನ್ನು ಬದಿಗೆ ತೆಗೆದುಕೊಂಡಳು. "ಜಾತಕ ಅಲ್ಲ ಅನ್ನೋದು ಆವತ್ತೇ ಗೊತ್ತಿತ್ತು. ನಿಮಗೂ ನಮಗೂ ಜೋಯಿಸರು ಒಬ್ಬರೇ. ನೀವು ಅವರ ಹತ್ರ ಹೋಗೇ ಇಲ್ಲ ಅಂದ್ರು."

ಮತ್ತೆ ಯಾಕೆ ಕೇಳಲಿಲ್ಲ ಎಂದ.

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ."

ಸ್ಕೂಟರು ತೊರೆನೂರಿನ ಕಡೆ ಓಡಿತು. ಹತ್ತು ವರ್ಷ ತಾನು ಬಚ್ಚಿಟ್ಟುಕೊಂಡು ಕಾದದ್ದು ಯಾರಿಗೂ ಬೇಡವಾದ, ಎಲ್ಲರಿಗೂ ಗೊತ್ತಿದ್ದ ವಸ್ತುವಾಗಿತ್ತು ಎಂದು ಯೋಚಿಸುತ್ತಾ ಅವನು ಕೂತಿದ್ದ. ದುಃಖಕ್ಕಿಂತ ಹೆಚ್ಚಾಗಿ ಆಯಾಸವಾಯಿತು.

ಹಿತ್ತಲಿನಲ್ಲಿ ಅವಳು ಬಿದಿರಿನ ಮನೆಯನ್ನು ಜಾಲರಿಯಿಂದ ಎರಡು ಪಾಲು ಮಾಡಿದಳು. ಎರಡು ಮೂರು ದಿನ ಜಾಲರಿಯ ಆಚೆ ಈಚೆ ಇದ್ದು ಗುರುತಾಗಲಿ, ಆಮೇಲೆ ಒಟ್ಟಿಗೆ ಬಿಡುತ್ತೇನೆ ಅಂದಳು. ಧರ್ಮೇಶ ಚೀಲ ಬಿಚ್ಚಿದ. ಬಾತು ಹೊರಗೆ ಬಂದು, ರೆಕ್ಕೆ ಕೊಡವಿ, ಅಭ್ಯಾಸಬಲದಿಂದ ಅವನ ಚಪ್ಪಲಿಯ ಕಡೆ ಎರಡು ಹೆಜ್ಜೆ ಇಟ್ಟಿತು. ಅಷ್ಟರಲ್ಲಿ ಆಚೆಯಿಂದ ಹೆಣ್ಣುಗಳಲ್ಲೊಂದು ಗೊಣಗಿತು. ಗಂಡು ನಿಂತಿತು. ಕತ್ತು ಎತ್ತಿ ಕೂಗಿತು, ಐದು ದಿನ ಅಂಗಳದಲ್ಲಿ ಕೂಗಿದ ಕೂಗಲ್ಲ ಅದು, ಗಿಡ್ಡವಾದ, ಪ್ರಶ್ನೆ ಕೇಳುವಂಥ ಕೂಗು. ಮೂರೂ ಒಟ್ಟಿಗೆ ಉತ್ತರ ಕೊಟ್ಟವು. ಅದು ಸೀದಾ ಜಾಲರಿಯ ಹತ್ತಿರ ನಡೆದು, ಹುಲ್ಲಿನ ಮೇಲೆ ಮೈ ಊರಿ ಕೂತು, ಸ್ವಲ್ಪ ಹೊತ್ತಿಗೆ ಕತ್ತನ್ನು ಹಿಂದಕ್ಕೆ ಮಡಿಸಿ ರೆಕ್ಕೆಯೊಳಗೆ ಕೊಕ್ಕು ಸೇರಿಸಿತು. ಜಾಲರಿಯ ಆಚೆ ಒಂದು ಹೆಣ್ಣೂ ಬಂದು ಕೂತಿತು. ಮಧ್ಯಾಹ್ನ ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಗಂಡು ನಿದ್ದೆ ಹೋಯಿತು. ಧರ್ಮೇಶ ಅದನ್ನು ನೋಡುತ್ತಾ ನಿಂತ. ಅವನಿಗೆ ಹೊಟ್ಟೆಕಿಚ್ಚಾಯಿತು. ಒಂದು ಬಾತಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಗೊತ್ತಿದ್ದೂ ಆಯಿತು. ಊಟ ಮಾಡಿಕೊಂಡು ಹೋಗಿ ಎಂದು ದಿವ್ಯಶ್ರೀ ಕರೆದಳು, ಬಂದವರನ್ನೆಲ್ಲ ಕರೆಯುವ ಹಾಗೆಯೇ. ಬೇಡ, ಬಸ್ಸಿದೆ ಅಂದ. ಅವಳು ಐಸ್ ಬಾಕ್ಸ್ ತೆಗೆದುಕೊಂಡು ಒಳಗೆ ಹೋದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮನೆಯಲ್ಲಿ ಅಮ್ಮ ಏನು ಕೇಳುತ್ತಾಳೆ, ತಾನು ಏನು ಹೇಳಬೇಕು ಎಂದು ಹಳೆಯ ಅಭ್ಯಾಸದಂತೆ ಜೋಡಿಸತೊಡಗಿದ. ಬಿಟ್ಟು ಬರುವಾಗ ಬಾತು ಜಾಲರಿಗೆ ಕೊಕ್ಕು ತಾಗಿಸಿ ನಿಂತು ನೋಡುತ್ತಲೇ ಇತ್ತು ಎಂದು ಹೇಳಬಹುದು. ಅದು ಸುಂದರವಾಗಿತ್ತು. ಕಣ್ಣಲ್ಲಿ ನೀರೂ ಬಂದ ಹಾಗಾಯಿತು. ಶಿರಂಗಾಲದಲ್ಲಿ ಇಳಿದು ಕಾಲುವೆ ಏರಿಯ ಮೇಲೆ ನಡೆದು ಬರುವಾಗ ಗೇಟಿನ ಕಡೆ ನೋಡಲಿಲ್ಲ.

ಅಮ್ಮ ಹಿತ್ತಲ ಬಾಗಿಲಲ್ಲಿ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವನು ಎದುರಿಗೆ ಮೆಟ್ಟಿಲ ಮೇಲೆ ಕೂತ. ಅವಳಿಗೆ ಹೇಳಿದೆ, ಆವತ್ತು ಬೇಡ ಅಂದದ್ದು ನಾನು, ನೀನಲ್ಲ ಅಂತ, ಎಂದ. ಅಮ್ಮ ಕೈ ನಿಲ್ಲಿಸಲಿಲ್ಲ. ನಾಲ್ಕಾರು ಕಾಯಿ ಹೆಚ್ಚಿದಳು, ತೊಟ್ಟು ಆರಿಸಿ ಪಕ್ಕಕ್ಕೆ ಹಾಕಿದಳು. ಅವಳು ಏನಾದರೂ ಅನ್ನಲಿ, ಬೈಯಲಿ, ಅಳಲಿ ಎಂದು ಅವನು ಕಾದ.

"ಬರೋವಾಗ ಬಾತು ತಿರುಗಿ ನೋಡ್ತಾ?" ಎಂದು ಕೇಳಿದಳು.

ಜೋಡಿಸಿಟ್ಟುಕೊಂಡ ಮಾತು ಬಾಯಲ್ಲಿ ಸಿದ್ಧವಾಗಿತ್ತು.

"ಇಲ್ಲ," ಅಂದ. "ಒಂದ್ಸಲವೂ ನೋಡ್ಲಿಲ್ಲ."

"ಸದ್ಯ," ಅಂದಳು ಅಮ್ಮ.